ಮನೆಯ ಮಾತು: ಸಿಸ್ಟರಿಗೆ ಹೇಳಿದ್ದು, ತಾಯಿಗೆ ಹೇಳದ್ದು

ಹಿಂದಿನ ಸಂಚಿಕೆಯಲ್ಲಿ ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ಈ ಊರಿನ ಸೆಕೆಗೆ ಕೆಡದಂತೆ ಇಡುವ ಬಗೆಯನ್ನು ನಾವು ಈ ಪುಟದಲ್ಲಿ ಬರೆದಾಗ, ವಾಚಕರಿಂದ ಬಂದ ಕಾಗದಗಳಿಗೂ ಮೊಬೈಲು ಸಂದೇಶಗಳಿಗೂ ಉತ್ತರ ಬರೆದು ಪೂರೈಸಲು ಒಂದು ವಾರ ಹಿಡಿಯಿತು. ಎಣ್ಣೆ ಹೆಚ್ಚಾಯಿತೆಂದವರು ಕೆಲವರು, ಉಪ್ಪು ಕಡಮೆಯಾಯಿತೆಂದವರು ಕೆಲವರು. ಈ ಸಲ ಬರೆಯಹೊರಟಿರುವ ವಿಷಯಕ್ಕೆ ಒಂದೇ ಒಂದು ಕಾಗದವೂ ಬಾರದಿದ್ದರೆ ನಮಗೆ ಆಶ್ಚರ್ಯವಾಗದು. ಉಪ್ಪಿನಕಾಯಿ ಇಲ್ಲದ ಮನೆ ಹೇಗೆ ಅಪರೂಪವೋ, ಬಂಧುಬಳಗದಲ್ಲಿ ಎಲ್ಲೋ ಒಂದು ಕಡೆ ಮನಸ್ಸಿನ ಕಾಯಿಲೆಯವರು ಇಲ್ಲದ ಮನೆಯೂ ಹಾಗೆಯೇ ಅಪರೂಪ. ಆದರೆ ಆ ಭರಣಿಯ ಮುಚ್ಚಳವನ್ನು ನಾವು ಯಾರೂ ತೆಗೆಯುವುದಿಲ್ಲ.

ನಾರಾಯಣಗೂಡದ ನಮ್ಮ ಗಲ್ಲಿಯಲ್ಲಿ ಕಲಬುರಗಿ ಕಡೆಯ ಒಂದು ಕುಟುಂಬವಿದೆ. ಈ ಊರಿಗೆ ಬಂದು ಮೂವತ್ತು ವರ್ಷ ಕಳೆದಿದ್ದರೂ ಮನೆಯೊಳಗೆ ಮಾತು ಇನ್ನೂ ಅಪ್ಪಟ ಕಲಬುರಗಿಯದೇ. ಒಂದು ಮಧ್ಯಾಹ್ನ ಆ ಮನೆಯ ತಾಯಿ ನಮ್ಮಲ್ಲಿಗೆ ಬಂದರು. ಮಗ ಮನೋರೋಗದ ಆಸ್ಪತ್ರೆಯಲ್ಲಿ ಸೇರಿ ಮೂರು ವಾರವಾಗಿದೆ ಎಂಬುದು ನಮಗೆ ಆವತ್ತೇ ತಿಳಿದದ್ದು. ಅಲ್ಲಿಯವರೆಗೆ ಗಲ್ಲಿಯವರಿಗೆಲ್ಲ "ಪುಣೆಗೆ ಟ್ರೈನಿಂಗಿಗೆ ಹೋಗ್ಯಾನ" ಎಂದು ಹೇಳಿದ್ದರು. ಆಕೆ ಬಂದದ್ದು ದುಃಖ ತೋಡಿಕೊಳ್ಳಲಿಕ್ಕಲ್ಲ, ಜಗಳವಾಡಲಿಕ್ಕೆ. ಜಗಳ ನಮ್ಮ ಮೇಲಲ್ಲ, ಆಸ್ಪತ್ರೆಯ ಒಬ್ಬ ಸಿಸ್ಟರ್ ಮೇಲೆ.

"ಅಣ್ಣಾ, ನೀವೇ ಹೇಳ್ರಿ. ಹೆತ್ತಾಕಿ ನಾನು. ನನಗ ಒಂದು ಮಾತು ಹೇಳಲಿಲ್ಲ ನನ್ನ ಮಗ. ಆ ಕೇರಳದಾಕಿಗೆ ಎಲ್ಲಾ ಹೇಳ್ಯಾನಂತ. ಏನು ಹೇಳ್ಯಾನ ಅಂತ ಕೇಳಿದ್ರ ಆಕಿ ನನಗ ಹೇಳವಲ್ಲಳು. ಇದು ಯಾವ ನ್ಯಾಯ?"

ಈ ಪ್ರಶ್ನೆಯನ್ನು ಇಟ್ಟುಕೊಂಡೇ ಈ ಸಲದ ಪುಟವನ್ನು ಬರೆಯುತ್ತಿದ್ದೇವೆ. ತಾಯಿಯನ್ನೂ ಮಗನನ್ನೂ ಕೇಳಿ, ಅವರಿಬ್ಬರೂ ಒಪ್ಪಿದ ಮೇಲೆ, ಗುರುತು ಹತ್ತದ ಹಾಗೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇವೆ.

ಮೊದಲು ಒಂದು ಮಾತು. ಪುಸ್ತಕದ ಕನ್ನಡದಲ್ಲಿ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುವವಳನ್ನು 'ದಾದಿ' ಎನ್ನುತ್ತೇವೆ. ಈ ಊರಿನಲ್ಲಿ ಆ ಪದವನ್ನು ಗಟ್ಟಿಯಾಗಿ ಉಚ್ಚರಿಸಿದರೆ ಉರ್ದು ಬಲ್ಲವರು ತಿರುಗಿ ನೋಡುತ್ತಾರೆ, ಅವರ ಭಾಷೆಯಲ್ಲಿ ದಾದಿ ಎಂದರೆ ತಂದೆಯ ತಾಯಿ. ನಮ್ಮ ಮಟ್ಟಿಗೆ ಈ ಗೊಂದಲ ಅಷ್ಟೇನೂ ಕೆಟ್ಟದ್ದಲ್ಲ. ಅಜ್ಜಿಯ ಹತ್ತಿರ ಹೇಳಿದ ಗುಟ್ಟು ಅಮ್ಮನ ಕಿವಿಗೆ ಬೀಳುವುದಿಲ್ಲವೆಂಬ ಭರವಸೆ ಎಲ್ಲ ಮಕ್ಕಳಿಗೂ ಇರುತ್ತದಲ್ಲವೆ? ಆದರೂ ಬಾಯಿಗೆ ರೂಢಿಯಾದದ್ದು ಸಿಸ್ಟರ್ ಎಂಬ ಮಾತೇ ಆದ್ದರಿಂದ ನಾವೂ ಹಾಗೆಯೇ ಕರೆಯುತ್ತೇವೆ.

ಹುಡುಗನ ವಯಸ್ಸು ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಎರಡು ವರ್ಷ. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ ಸೇರದಾಯಿತು, ಆಮೇಲೆ ಪಕ್ಕದ ಮನೆಯವರು ಗೋಡೆಯಾಚೆ ತನ್ನನ್ನೇ ಕುರಿತು ಮಾತಾಡುತ್ತಾರೆಂದು ಹೇಳತೊಡಗಿದ. ಮನೆಯವರು ಮೊದಲು ಬೈದರು, ಆಮೇಲೆ ತಾಯಿತ ಕಟ್ಟಿಸಿದರು, ಆಮೇಲೆ ಮದುವೆಯ ಮಾತು ತೆಗೆದರು. ಕೊನೆಗೆ ಸೇಡಂನಿಂದ ಸೋದರಮಾವ ಬಂದು, "ನಡಿ, ಯಾದಗಿರಿಗುಟ್ಟಕ್ಕ ಹೋಗಿ ಬರೋಣು" ಎಂದು ಕಾರಿನಲ್ಲಿ ಕೂಡಿಸಿಕೊಂಡು ನೇರವಾಗಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರು. ಮಾವನವರ ಉದ್ದೇಶ ಒಳ್ಳೆಯದೇ. ಆದರೆ ಲೋಕವೆಲ್ಲ ತನಗೆ ಮೋಸ ಮಾಡುತ್ತಿದೆಯೆಂದು ಹೆದರಿದ್ದ ಹುಡುಗನಿಗೆ, ಲೋಕ ನಿಜವಾಗಿಯೂ ಮೋಸ ಮಾಡುತ್ತದೆಂಬುದಕ್ಕೆ ಸಾಕ್ಷಿಯನ್ನು ನಮ್ಮವರೇ ಕೊಟ್ಟಂತಾಯಿತು. ಅವನು ಬಾಯಿ ಮುಚ್ಚಿದ. ಹನ್ನೊಂದು ದಿನ ಯಾರೊಡನೆಯೂ ಮಾತಾಡಲಿಲ್ಲ.

ಆ ಹನ್ನೊಂದು ದಿನ ಸಿಸ್ಟರ್ ಏನು ಮಾಡಿದಳು? ಹೊರಗಿನಿಂದ ನೋಡಿದವರಿಗೆ ಏನೂ ಮಾಡಲಿಲ್ಲವೆಂದೇ ಕಾಣುತ್ತದೆ. ಪ್ರತಿ ಸಂಜೆ ನಾಲ್ಕು ಗಂಟೆಗೆ ಒಂದು ಸ್ಟೂಲು ಎಳೆದುಕೊಂಡು ಅವನ ಮಂಚದಿಂದ ಒಂದು ಮಾರು ದೂರದಲ್ಲಿ ಕೂತಳು. "ಹತ್ತು ನಿಮಿಷ ಇಲ್ಲಿ ಕೂತಿರುತ್ತೇನೆ, ಮಾತಾಡಬೇಕೆಂದಿಲ್ಲ" ಎಂದು ತೆಲುಗಿನಲ್ಲಿ ಹೇಳಿದಳು. ಹತ್ತು ನಿಮಿಷವಾದ ಮೇಲೆ "ನಾಳೆ ನಾಲ್ಕಕ್ಕೆ ಬರುತ್ತೇನೆ" ಎಂದು ಎದ್ದಳು. ಮಾರನೆಯ ದಿನ ನಾಲ್ಕಕ್ಕೆ ಬಂದಳು. ತನಗೆ ರಜೆಯಿರುವ ದಿನ ಬರುವುದಿಲ್ಲವೆಂದು ಹಿಂದಿನ ದಿನವೇ ತಿಳಿಸಿದಳು. ಐದನೆಯ ದಿನವೋ ಆರನೆಯ ದಿನವೋ ಯಾರನ್ನೋ ಕೇಳಿ ಎರಡು ಕನ್ನಡ ಪದ ಕಲಿತುಕೊಂಡು ಬಂದು, "ಊಟ ಆತೇನು?" ಎಂದಳು. ಉಚ್ಚಾರ ಸರಿಯಿರಲಿಲ್ಲವಂತೆ. ಹನ್ನೆರಡನೆಯ ದಿನ ಹುಡುಗ ತಲೆ ಎತ್ತಿ, "ನೀವೂ ಸುಳ್ಳು ಹೇಳ್ತೀರೇನು?" ಎಂದು ಕೇಳಿದ. ಆಸ್ಪತ್ರೆ ಸೇರಿದ ಮೇಲೆ ಅವನು ಆಡಿದ ಮೊದಲ ಮಾತು ಅದು. "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಆಗದ್ದನ್ನು ಆಗುವುದಿಲ್ಲ ಎನ್ನುತ್ತೇನೆ" ಎಂದಳು ಆಕೆ.

ವಾಚಕರು ಇದನ್ನು ಬರಿಯ ಒಳ್ಳೆಯತನವೆಂದು ತಿಳಿಯಬಾರದು. ಒಳ್ಳೆಯತನವೂ ಬೇಕು, ಆದರೆ ಇದು ಕಲಿತು ಮಾಡುವ ವಿದ್ಯೆ. ಇಂಜೆಕ್ಷನ್ ಚುಚ್ಚುವುದಕ್ಕೆ ಹೇಗೆ ಕ್ರಮವಿದೆಯೋ ಹಾಗೆ ಸ್ಟೂಲಿನ ಮೇಲೆ ಕೂಡುವುದಕ್ಕೂ ಕ್ರಮವಿದೆ.

ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಮೊದಲು ಹೇಳಬೇಕಾದ ಹೆಸರು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೌ ಅವರದು. 1909ರಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡ ಈ ಮಹಿಳೆ ಸ್ವತಃ ನರ್ಸ್ ಆಗಿದ್ದವರು. ದಾದಿ ಮತ್ತು ರೋಗಿಯ ನಡುವಿನ ಸಂಬಂಧವನ್ನು ಕುರಿತ ಅವರ ಪುಸ್ತಕ 1952ರಲ್ಲಿ ಅಚ್ಚಾಯಿತು. ಮನೋರೋಗದ ಚಿಕಿತ್ಸೆಯಲ್ಲಿ ಹೊಸ ಯುಗವನ್ನು ತೆರೆದ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಪ್ಯಾರಿಸ್ಸಿನಲ್ಲಿ ಮನೋರೋಗಿಗಳಿಗೆ ಕೊಟ್ಟು ನೋಡಿದ್ದೂ ಅದೇ 1952ರಲ್ಲಿ. ಹೀಗೆ ಗುಳಿಗೆಯೂ ಮಾತೂ ಒಂದೇ ವರ್ಷದಲ್ಲಿ ಈ ರೋಗಿಗಳ ನೆರವಿಗೆ ಬಂದವೆಂದು ಹೇಳಿದರೆ ತಪ್ಪಾಗಲಾರದು. ಒಂದಿದ್ದರೆ ಇನ್ನೊಂದು ಬೇಡವೆಂಬುದಿಲ್ಲ. ಗುಳಿಗೆ ಗದ್ದಲವನ್ನು ತಗ್ಗಿಸುತ್ತದೆ. ಗದ್ದಲ ತಗ್ಗಿದ ಮೇಲೆ ಯಾರೊಡನೆಯಾದರೂ ಮಾತಾಡಬೇಕಲ್ಲವೆ?

ಪೆಪ್ಲೌ ಈ ಸಂಬಂಧವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲನೆಯದು ಪರಸ್ಪರ ಪರಿಚಯವಾಗಿ ದಿಕ್ಕು ತಿಳಿಯುವುದು. ಆಗ ಇಬ್ಬರೂ ಅಪರಿಚಿತರು, ಅಪರಿಚಿತರಿಗೆ ತೋರಬೇಕಾದ ಮರ್ಯಾದೆಯಿಂದಲೇ ಕೆಲಸ ಆರಂಭ. ಎರಡನೆಯದು, ಈಕೆ ತನಗೆ ನೆರವಾಗಬಲ್ಲಳೆಂದು ರೋಗಿ ಗುರುತಿಸಿಕೊಳ್ಳುವುದು. ಮೂರನೆಯದು, ಆ ನೆರವನ್ನು ಪೂರ್ಣವಾಗಿ ಬಳಸಿಕೊಳ್ಳುವುದು. ನಾಲ್ಕನೆಯದು ಬಿಡುಗಡೆ, ಎಂದರೆ ಇನ್ನು ಆಕೆ ಬೇಕಾಗದಂತಾಗುವುದು. ಈ ನಾಲ್ಕನೆಯ ಹಂತವೇ ಇದರ ಗುಟ್ಟು. ಗೆಳೆತನವನ್ನು ಉಳಿಯಲೆಂದು ಬೆಳೆಸುತ್ತೇವೆ. ಈ ಸಂಬಂಧವನ್ನು ಮುಗಿಯಲೆಂದೇ ಬೆಳೆಸುತ್ತಾರೆ. ಆದ್ದರಿಂದಲೇ ಒಳ್ಳೆಯ ಸಿಸ್ಟರ್ ತನ್ನ ಮನೆಯ ಕಷ್ಟಸುಖವನ್ನು ರೋಗಿಯ ಮುಂದೆ ತೋಡಿಕೊಳ್ಳುವುದಿಲ್ಲ, ಬೆಲೆಬಾಳುವ ಉಡುಗೊರೆ ತೆಗೆದುಕೊಳ್ಳುವುದಿಲ್ಲ, ತನ್ನ ಸ್ವಂತ ಮೊಬೈಲ್ ನಂಬರು ಕೊಟ್ಟು "ಯಾವಾಗ ಬೇಕಾದರೂ ಮಾಡು" ಎನ್ನುವುದಿಲ್ಲ. ಇದನ್ನು ಕಂಡು ಗರ್ವವೆಂದು ಭಾವಿಸುವವರುಂಟು. ಅದು ಗರ್ವವಲ್ಲ, ಗೆರೆ. ಗೆರೆ ಇದ್ದುದರಿಂದಲೇ ರೋಗಿಗೆ ಧೈರ್ಯ.

ಪೆಪ್ಲೌ ಹೇಳಿದ ಇನ್ನೊಂದು ಮಾತು ನಮ್ಮ ನೆರೆಯ ತಾಯಿಯ ದೂರಿಗೆ ನೇರವಾಗಿ ತಾಗುತ್ತದೆ. ರೋಗಿ ಎಷ್ಟೋ ಸಲ ದಾದಿಯಲ್ಲಿ ತನ್ನ ತಾಯಿಯನ್ನೋ ಅಕ್ಕನನ್ನೋ ಕಾಣುತ್ತಾನಂತೆ. ದಾದಿಯ ಕೆಲಸ ಆ ಸ್ಥಾನದಲ್ಲಿ ಕೂತುಬಿಡುವುದಲ್ಲ, ತಾನು ತಾಯಿಯಲ್ಲವೆಂಬುದು ನಿಧಾನವಾಗಿ ಅವನಿಗೇ ತಿಳಿಯುವಂತೆ ಮಾಡುವುದು. ಎಂದ ಮೇಲೆ ತಾಯಿಯ ಪಾಲನ್ನು ಯಾರೂ ಕಸಿದುಕೊಂಡಿಲ್ಲ.

ಇಷ್ಟನ್ನು ನಾವು ಆಕೆಗೆ ಹೇಳಿದೆವೆ? ಇಲ್ಲ. ಆವತ್ತು ನಮಗೂ ಇಷ್ಟು ತಿಳಿದಿರಲಿಲ್ಲ. "ನಡೀರಿ ಅಕ್ಕಾರ, ನಾವೂ ಬರ್ತೀವಿ" ಎಂದು ಆಕೆಯೊಡನೆ ಆಸ್ಪತ್ರೆಗೆ ಹೊರಟೆವು. ಅಲ್ಲಿ ನಾವು ಮಾಡಿದ ತಪ್ಪನ್ನೂ ಹೇಳಿಬಿಡಬೇಕು. ಹುಡುಗನನ್ನು ಚಿಕ್ಕವನಿದ್ದಾಗಿನಿಂದ ಬಲ್ಲೆವೆಂಬ ಸಲಿಗೆಯಿಂದ ಅವನ ಬೆನ್ನು ತಟ್ಟಿ, "ನಿನಗೇನೂ ಆಗಿಲ್ಲಪ್ಪಾ, ಧೈರ್ಯ ತಗೋ, ಎಲ್ಲಾ ಮನಸ್ಸಿನ ಭ್ರಮೆ" ಎಂದೆವು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಹತ್ತು ನಿಮಿಷಕ್ಕೆ ನಮ್ಮ ಭೇಟಿ ಮುಗಿಯಿತು.

ಹೊರಗೆ ಬಂದ ಮೇಲೆ ಸಿಸ್ಟರ್ ನಮ್ಮನ್ನು ಕರೆದು ಮೆಲ್ಲಗೆ ತಿಳಿಸಿ ಹೇಳಿದಳು. ಏನೂ ಆಗಿಲ್ಲವೆಂದರೆ, ಅವನು ಪಡುತ್ತಿರುವ ನೋವು ಸುಳ್ಳೆಂದಂತಾಯಿತು. ಹಾಗೆಂದು ಅವನಿಗೆ ಕೇಳಿಸುವ ದನಿಗಳನ್ನು ನಿಜವೆಂದು ಒಪ್ಪಿಕೊಂಡರೂ ತಪ್ಪು. ಹಾಗಾದರೆ ಏನನ್ನಬೇಕು? "ಆ ದನಿ ನನಗೆ ಕೇಳಿಸುತ್ತಿಲ್ಲ. ಆದರೆ ನಿಮಗೆ ಕೇಳಿಸುತ್ತದೆ, ಅದರಿಂದ ಹೆದರಿಕೆಯಾಗಿದೆ ಎಂಬುದು ನನಗೆ ಕಾಣಿಸುತ್ತದೆ" ಎನ್ನಬೇಕಂತೆ. ವಾದಿಸಬಾರದು, ತಲೆದೂಗಲೂ ಬಾರದು. ಹೆದರಿಕೆಯ ಪಕ್ಕದಲ್ಲಿ ಕೂಡಬೇಕು. ಸಭೆಗಳಲ್ಲಿ ಮಾತಾಡಿ ಹೆಸರು ಗಳಿಸಿದ್ದೇವೆಂದುಕೊಂಡಿದ್ದ ನಮಗೆ, ಒಬ್ಬ ಹುಡುಗನ ಮುಂದೆ ಎರಡು ವಾಕ್ಯ ಸರಿಯಾಗಿ ಆಡಲು ಬಾರದೆಂಬುದು ಆವತ್ತು ಮನದಟ್ಟಾಯಿತು.

ತಾಯಿಯ ದೂರಿಗೂ ಸಿಸ್ಟರ್ ಉತ್ತರ ಕೊಟ್ಟಳು. ಹುಡುಗ ಒಂದು ದಿನ ತನಗೆ ಬದುಕುವುದು ಬೇಡವೆನ್ನಿಸುತ್ತದೆಂದು ಹೇಳಿದ್ದನಂತೆ. ಹಾಗೆ ಹೇಳುವಂತೆ ಕೇಳಿದವಳೂ ಆಕೆಯೇ: "ಸಾಯಬೇಕೆಂದು ಅನ್ನಿಸುತ್ತದೆಯೆ?" ಎಂದು ನೇರವಾಗಿ ಕೇಳಿದ್ದಳು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಹುಟ್ಟಿಸಿದಂತಾಗುತ್ತದೆಂದು ನಾವೆಲ್ಲ ಹೆದರುತ್ತೇವೆ. ಹಾಗೆ ಆಗುವುದಿಲ್ಲ, ಕೇಳಿದರೆ ಎದೆಯ ಭಾರ ಇಳಿಯುತ್ತದೆಂಬುದೇ ಬಲ್ಲವರ ಅನುಭವ. ಅವನು ಹೇಳಿದ ಮೇಲೆ ಆಕೆ, "ಇದನ್ನು ನಾನು ಡಾಕ್ಟರಿಗೆ ಹೇಳಲೇಬೇಕು. ನಿಮ್ಮೆದುರಿಗೇ ಹೇಳುತ್ತೇನೆ, ಹಿಂದಿನಿಂದ ಹೇಳುವುದಿಲ್ಲ" ಎಂದಳು. ಹಾಗೆಯೇ ಮಾಡಿದಳು. ಅವನನ್ನು ಒಂಟಿಯಾಗಿ ಬಿಡಬಾರದೆಂದು ಡಾಕ್ಟರು ತಾಯಿಗೆ ಹೇಳಿದ್ದು ಇದರಿಂದಲೇ. ಆತನ ಜೀವ ಕಾಯಲು ತಾಯಿಗೆ ಎಷ್ಟು ತಿಳಿಯಬೇಕೋ ಅಷ್ಟು ತಿಳಿಸಿದ್ದಾರೆ. ಉಳಿದದ್ದು ಅವನ ಸೊತ್ತು.

ಇದು ಆಕೆಯೊಬ್ಬಳ ಹಟವಲ್ಲ, ದೇಶದ ಕಾಯಿದೆಯೂ ಹೌದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ತನ್ನ ಕಾಯಿಲೆಯ ವಿಷಯ ಗುಟ್ಟಾಗಿರಬೇಕೆಂಬುದು ರೋಗಿಯ ಹಕ್ಕು ಎಂದು ಅದು ಸಾರುತ್ತದೆ. ನೋಡಿಕೊಳ್ಳುವವರಿಗೆ ಅಗತ್ಯವಾದಷ್ಟನ್ನೂ, ಜೀವಕ್ಕೆ ಅಪಾಯವಿದ್ದಾಗ ಅದನ್ನು ತಡೆಯಲು ಬೇಕಾದಷ್ಟನ್ನೂ ತಿಳಿಸಬಹುದು. ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಕೂಡದೆಂದೂ ಇದೇ ಕಾಯಿದೆ ವಿಧಿಸಿದೆ. ಇದನ್ನು ಬರೆದು ಇಡಬೇಕಾಗಿ ಬಂದದ್ದೇಕೆಂದು ಕೇಳುವವರು 2001ರ ಆಗಸ್ಟ್ 6ನ್ನು ನೆನೆಯಬೇಕು. ಆ ದಿನ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದರಿಂದ ಓಡಲಾರದೆ 28 ಮಂದಿ ಮನೋರೋಗಿಗಳು ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದವರೂ ಮನೆಯವರೇ, ಗುಣವಾಗಲೆಂಬ ಆಸೆಯಿಂದಲೇ.

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನ 'ಲ್ಯುನಾಟಿಕ್ ಅಸೈಲಂ' ಎಂಬ ಹುಚ್ಚರ ಆಶ್ರಯಕ್ಕೆ 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಎಂಬ ಹೆಸರಾಯಿತು. ಆಶ್ರಯ ಹೋಗಿ ಆಸ್ಪತ್ರೆಯಾದದ್ದು ಬರಿಯ ಹೆಸರಿನ ಬದಲಾವಣೆಯಲ್ಲ. ಕೂಡಿಹಾಕುವ ಜಾಗ ಗುಣಪಡಿಸುವ ಜಾಗವಾಗಬೇಕೆಂಬ ಸಂಕಲ್ಪ ಅದು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮನೋರೋಗಿಗಳ ಶುಶ್ರೂಷೆಯನ್ನು ನರ್ಸುಗಳಿಗೆ ಪ್ರತ್ಯೇಕ ವಿದ್ಯೆಯಾಗಿ ಕಲಿಸುವ ಡಿಪ್ಲೊಮಾ ತರಗತಿಗಳು ಅಲ್ಲಿ 1950ರ ದಶಕದಲ್ಲೇ ಮೊದಲಾದವು. 1974ರ ಡಿಸೆಂಬರ್ 27ರಂದು ಈ ಎರಡೂ ಒಂದುಗೂಡಿ ನಿಮ್ಹಾನ್ಸ್ ಆಯಿತು.

ಇದೇ ನಿಮ್ಹಾನ್ಸಿನಲ್ಲಿ ಶೈಲಾ ಪೈ ಮತ್ತು ಡಾ. ಆರ್. ಎಲ್. ಕಪೂರ್ ಅವರು ನಡೆಸಿ 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಮ್ಮ ವಾಚಕರು ಅವಶ್ಯವಾಗಿ ತಿಳಿಯಬೇಕು. ಈ ಕಪೂರರು ನಮ್ಮ ಕರಾವಳಿಯ ಕೋಟದಲ್ಲಿ ಮನೋರೋಗಗಳ ಸಮೀಕ್ಷೆ ನಡೆಸಿ ಹೆಸರಾದವರು. ಸ್ಕಿಜೊಫ್ರೇನಿಯಾ ಎಂಬ ತೀವ್ರ ಕಾಯಿಲೆಯವರ ಎರಡು ಗುಂಪುಗಳನ್ನು ಅವರು ಆರಿಸಿಕೊಂಡರು. ಒಂದು ಗುಂಪಿನವರನ್ನು ವಾಡಿಕೆಯಂತೆ ಆಸ್ಪತ್ರೆಗೆ ಸೇರಿಸಿದರು. ಇನ್ನೊಂದು ಗುಂಪಿನವರನ್ನು ಮನೆಯಲ್ಲೇ ಬಿಟ್ಟು, ತರಬೇತಾದ ಒಬ್ಬ ನರ್ಸ್ ಆಗಾಗ ಮನೆಗೆ ಹೋಗಿ ರೋಗಿಯನ್ನು ನೋಡಿ, ಮನೆಯವರೊಡನೆ ಮಾತಾಡಿ, ಔಷಧ ನಡೆಯುವಂತೆ ನೋಡಿಕೊಳ್ಳುವ ಏರ್ಪಾಡು ಮಾಡಿದರು. ಕೊನೆಗೆ ಹೋಲಿಸಿ ನೋಡಿದಾಗ ಮನೆಯ ಗುಂಪಿನವರೇ ಹೆಚ್ಚು ಚೇತರಿಸಿಕೊಂಡಿದ್ದರು, ದಿನದ ಕೆಲಸಕಾರ್ಯಗಳಲ್ಲಿ ಮೇಲಾಗಿದ್ದರು. ಮನೆಯವರ ಮೇಲಿನ ಹೊರೆಯೂ ಇಳಿದಿತ್ತು. ರೋಗಿಯನ್ನು ಮನೆಯಲ್ಲಿಟ್ಟುಕೊಂಡರೆ ಹೊರೆ ಹೆಚ್ಚುತ್ತದೆಂಬ ನಮ್ಮ ಲೆಕ್ಕ ತಲೆಕೆಳಗಾಯಿತು. ಹೊರೆಯಾಗುವುದು ರೋಗಿಯಿಂದಲ್ಲ, ಹೇಳಿಕೊಡುವವರು ಇಲ್ಲದುದರಿಂದ.

ಇದಕ್ಕೂ ಮೊದಲು, 1950ರ ದಶಕದಲ್ಲಿ, ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ಇನ್ನೊಂದು ದಾರಿಯನ್ನು ತೋರಿದ್ದರು. ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನೇ ಅಲ್ಲಿಗೆ ಕರೆತಂದು ಉಳಿಸಿಕೊಂಡರು. ಆರೈಕೆಯನ್ನು ಕಣ್ಣಾರೆ ಕಂಡು ಕಲಿತ ಮನೆಯವರು ರೋಗಿಯನ್ನು ಜೊತೆಯಲ್ಲೇ ಕರೆದುಕೊಂಡು ಹೋದರು. ಸಿಸ್ಟರ್ ಮತ್ತು ತಾಯಿ ಎದುರಾಳಿಗಳಲ್ಲ, ಒಂದೇ ಕೆಲಸದ ಹಗಲುಪಾಳಿ ರಾತ್ರಿಪಾಳಿಯವರೆಂಬುದು ಈ ಎರಡು ಉದಾಹರಣೆಗಳಿಂದಲೂ ಸ್ಪಷ್ಟವಾಗುತ್ತದೆ.

ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲರೂ ಹೀಗೆಯೇ ಇರುತ್ತಾರೆಂದು ನಾವು ಹೇಳಹೊರಟಿಲ್ಲ. ಹೆಸರು ಬಿಟ್ಟು "ಏಯ್, ಹನ್ನೊಂದನೆ ನಂಬರ್" ಎಂದು ಮಂಚದ ಲೆಕ್ಕದಲ್ಲಿ ಕೂಗುವವರನ್ನೂ ನಾವು ಕಂಡಿದ್ದೇವೆ. ಹಾಗೆಯೇ ಒಬ್ಬಳೇ ಸಿಸ್ಟರ್ ರಾತ್ರಿಯಿಡೀ ತುಂಬಿದ ವಾರ್ಡೊಂದನ್ನು ಕಾಯುವುದನ್ನೂ ಕಂಡಿದ್ದೇವೆ. ಕೈಗೆ ಬಿಡುವಿಲ್ಲದವಳಿಗೆ ಕಿವಿಗೆ ಬಿಡುವು ಎಲ್ಲಿಂದ ಬರಬೇಕು? ನರ್ಸುಗಳ ಸಂಖ್ಯೆಯನ್ನು ಹೆಚ್ಚಿಸದೆ ಬರಿಯ ಕರುಣೆಯನ್ನು ಬೇಡುವುದು ನ್ಯಾಯವಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಆಗ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ನಮ್ಮಂತೆ ಊರು ಬಿಟ್ಟು ಬಂದವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಮಾರ್ಕೆಟ್ಟಿನಲ್ಲಿ ತೆಲುಗು, ಆಟೋದವನೊಡನೆ ಉರ್ದು, ಆಫೀಸಿನಲ್ಲಿ ಇಂಗ್ಲಿಷು, ಎಲ್ಲವೂ ಸಾಗುತ್ತದೆ. ಆದರೆ ಮನಸ್ಸು ಮುರಿದಾಗ ಬರುವ ಮಾತು ತೊಟ್ಟಿಲ ಮಾತು. ಕಾಲು ನೋಯುತ್ತದೆಂದು ಯಾವ ಭಾಷೆಯಲ್ಲಾದರೂ ಹೇಳಬಹುದು. ಜೀವಕ್ಕೆ ಬೇಸರವಾಗಿದೆ ಎಂಬುದನ್ನು ಕಲಿತ ಭಾಷೆಯಲ್ಲಿ ಹೇಳುವುದು ಕಷ್ಟ. ಆ ಮಲಯಾಳಿ ಹೆಣ್ಣುಮಗಳು ತೆಲುಗಿನ ಊರಿನಲ್ಲಿ ಎರಡು ಕನ್ನಡ ಪದ ಕಲಿತದ್ದು ಏಕೆಂದು ಇದರಿಂದ ತಿಳಿಯಬಹುದು. ಮುಂದೆ ಅವಳೇ ನಮ್ಮನ್ನು ಕೇಳಿ ಇನ್ನಷ್ಟು ಪದಗಳನ್ನು ಬರೆದುಕೊಂಡಳು: ನಿದ್ದಿ, ಅಂಜಿಕಿ, ಬ್ಯಾಸರ, ಸಾಕು, ಇನ್ನಷ್ಟು ಹೇಳ್ರಿ. ಸಾಹಿತ್ಯ ಸಮ್ಮೇಳನಗಳಲ್ಲಿ ಕನ್ನಡದ ಸೇವೆಯನ್ನು ಕುರಿತು ಬಹಳ ಭಾಷಣ ಕೇಳಿದ್ದೇವೆ. ಇದು ಅದಕ್ಕಿಂತ ಕಡಮೆಯದೆಂದು ನಮಗೆ ತೋರಲಿಲ್ಲ.

ಹುಡುಗ ಆರು ವಾರಗಳ ಮೇಲೆ ಮನೆಗೆ ಬಂದ. ಬಿಡುಗಡೆಯ ದಿನವನ್ನು ಸಿಸ್ಟರ್ ಒಂದು ವಾರ ಮುಂಚೆಯೇ ಅವನಿಗೆ ತಿಳಿಸಿ, ದಿನವೂ ಅದರ ಮಾತಾಡಿ ಸಿದ್ಧಪಡಿಸಿದ್ದಳು. ಆಸ್ಪತ್ರೆಯಿಂದ ಹೊರಬಂದ ಮೊದಲ ಕೆಲವು ವಾರಗಳೇ ಅಪಾಯದ ಕಾಲವೆಂದೂ, ಗುಣವಾಯಿತೆಂದು ಗುಳಿಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆಂದೂ, ನಿದ್ದೆ ಕೆಟ್ಟರೆ ಅದೇ ಮೊದಲ ಸೂಚನೆಯೆಂದೂ ತಾಯಿಗೆ ವಿವರಿಸಿ ಹೇಳಿದಳು. ಮನೆಯಲ್ಲಿ ಟೀಕೆ ಮಾಡುವ ನಾಲಿಗೆಯನ್ನು ಹಿಡಿತದಲ್ಲಿಡಬೇಕೆಂದಳು. ಇದೂ ಪರೀಕ್ಷಿಸಿ ಕಂಡ ಮಾತು. ಸದಾ ತಪ್ಪು ಹುಡುಕುವ ಮನೆಗಳಿಗೆ ಮರಳಿದವರಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆಂದು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಸಂಗಡಿಗರು ತೋರಿಸಿದರು. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಪರೀಕ್ಷೆ ಮಾಡಿದಾಗ, ನಮ್ಮ ಮನೆಗಳಲ್ಲಿ ರೋಗಿಯನ್ನು ಹಾಗೆ ಟೀಕಿಸುವುದು ಲಂಡನ್ನಿಗಿಂತ ಕಡಮೆಯೆಂದು ಕಂಡುಬಂತು. ಸಂತೋಷದ ಸುದ್ದಿಯೇ. ಆದರೆ ಅದನ್ನು ಉಳಿಸಿಕೊಳ್ಳಬೇಕಾದವರು ನಾವು. "ಮೂರು ತಿಂಗಳಾತು, ಇನ್ನೂ ಕೆಲಸಕ್ಕ ಹೋಗವಲ್ಲ" ಎಂಬ ಒಂದು ಮಾತು ಸಾಕು ಹಾಳುಮಾಡಲು.

ಮನೆಗೆ ಹೊರಡುವ ದಿನ ತಾಯಿ ಸಿಸ್ಟರಿಗಾಗಿ ಒಂದು ಇಳಕಲ್ ಸೀರೆ ತಂದಿದ್ದರು. ಆಕೆ ಕೈಮುಗಿದು ಬೇಡವೆಂದಳು. ತಾಯಿಯ ಮುಖ ಬಾಡಿತು. ಆಗ ಆಕೆಯೇ, ಚೀಲದಲ್ಲಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ನೋಡಿ, "ಅದನ್ನು ವಾರ್ಡಿನಲ್ಲಿ ಎಲ್ಲರಿಗೂ ಕೊಡಿ, ನಾನೂ ಒಂದು ತೆಗೆದುಕೊಳ್ಳುತ್ತೇನೆ" ಎಂದಳು. ಹಂಚಿದವನು ಮಗನೇ.

ಕೆಲವು ದಿನಗಳಾದ ಮೇಲೆ ತಾಯಿ ಮತ್ತೆ ನಮ್ಮಲ್ಲಿಗೆ ಬಂದರು. ಈ ಸಲ ಜಗಳವಿರಲಿಲ್ಲ. ರಾತ್ರಿ ಊಟವಾದ ಮೇಲೆ ಮಗನನ್ನು ತಾವೇ ಕೇಳಿದರಂತೆ: "ನನಗ ಯಾಕ ಹೇಳಲಿಲ್ಲಪಾ?" ಅದಕ್ಕೆ ಅವನು, "ನಿನಗ ಹೇಳಿದ್ರ ನೀ ಅಳತಿದ್ದಿ ಅವ್ವಾ. ಆಮ್ಯಾಲ ನಾನು ನಿನ್ನ ಸಮಾಧಾನ ಮಾಡಬೇಕಾಗತಿತ್ತು. ಆಕಿ ಅಳಲಿಲ್ಲ" ಎಂದನಂತೆ.

ವಾಚಕರೇ, ನಾವು ಓದಿದ ಶಾಸ್ತ್ರವೆಲ್ಲ ಈ ಮಾತಿನಲ್ಲಿದೆಯೆಂದು ನಮಗೆ ಅನ್ನಿಸಿತು. ಪ್ರೀತಿ ಕಡಮೆಯಾದುದರಿಂದ ಅವನು ತಾಯಿಗೆ ಹೇಳಲಿಲ್ಲವೆಂಬುದಿಲ್ಲ, ಪ್ರೀತಿ ಬಹಳವಿದ್ದುದರಿಂದಲೇ ಹೇಳಲಾರದೆ ಹೋದ. ನಮ್ಮ ದುಃಖದ ಭಾರವನ್ನು ಹೊರಿಸದೆ ಇನ್ನೊಬ್ಬರ ದುಃಖವನ್ನು ಕೇಳುವವರು ಮನೆಯಲ್ಲಿ ಸಿಗುವುದು ಕಷ್ಟ. ಅದಕ್ಕಾಗಿಯೇ ಆ ಸ್ಟೂಲು, ಆ ಹತ್ತು ನಿಮಿಷ, ಆ ಒಂದು ಮಾರು ದೂರ. "ಈಗ ನಾನೂ ಅಳೂದು ಕಡಿಮಿ ಮಾಡೀನಿ ಅಣ್ಣಾ. ಸುಮ್ನ ಕೂತು ಕೇಳ್ತೀನಿ" ಎಂದರು ಆಕೆ. ಹಾಗೆ ಹೇಳುವಾಗ ಕಣ್ಣು ಒರೆಸಿಕೊಂಡರು. ನಾವು ನೋಡದವರ ಹಾಗೆ ಇದ್ದೆವು.

ಕೊನೆಯದಾಗಿ ಎರಡು ಉಪಯೋಗದ ಮಾತುಗಳು. ನಮ್ಮ ನಗರದಲ್ಲಿ ಸರಕಾರದ ದೊಡ್ಡ ಮಾನಸಿಕ ಆಸ್ಪತ್ರೆ ಎರ್ರಗಡ್ಡದಲ್ಲಿದೆ. ನಾರಾಯಣಗೂಡದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಎಂ.ಜಿ.ಬಿ.ಎಸ್. ನಿಲ್ದಾಣದಲ್ಲಿ ಕೆಂಪು ಮಾರ್ಗಕ್ಕೆ ಬದಲಾಯಿಸಿದರೆ ಎರ್ರಗಡ್ಡದಲ್ಲೇ ಇಳಿಯಬಹುದು. ತಮಾಷೆಗೆ "ನಿನ್ನನ್ನ ಎರ್ರಗಡ್ಡಕ್ಕೆ ಕಳಿಸಬೇಕು" ಎನ್ನುವ ಚಾಳಿಯನ್ನು ನಮ್ಮ ಮಕ್ಕಳ ಬಾಯಿಂದ ಬಿಡಿಸಿರಿ. ಮುಂದೆ ಎಂದಾದರೂ ಅವರಲ್ಲೊಬ್ಬರಿಗೆ ಅಲ್ಲಿಗೆ ಹೋಗಬೇಕಾಗಿ ಬಂದರೆ ಈ ತಮಾಷೆಯೇ ಕಾಲಿಗೆ ತೊಡರುತ್ತದೆ. ಎರಡನೆಯದಾಗಿ, 2022ರ ಅಕ್ಟೋಬರಿನಲ್ಲಿ ಸರಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಮಾತಾಡಬಹುದು. ಇದನ್ನು ಹಾಲಿನವನ, ಗ್ಯಾಸಿನವನ ನಂಬರುಗಳ ಪಕ್ಕದಲ್ಲಿ ಬರೆದಿಡಿರಿ.

ಹಾಗೆಯೇ ಆಸ್ಪತ್ರೆಯಲ್ಲಿ ಕನ್ನಡವಲ್ಲದೆ ಬೇರೆ ಬಾರದ ಹಿರಿಯರೊಬ್ಬರಿದ್ದು, ಸಿಸ್ಟರಿಗೂ ಅವರಿಗೂ ನಡುವೆ ಮಾತು ತಿಳಿಸುವವರು ಬೇಕಾಗಿದ್ದರೆ ನಮಗೆ ಹೇಳಿಕಳುಹಿಸಿರಿ. ನಾವು ಬರುತ್ತೇವೆ. ಬೆನ್ನು ತಟ್ಟುವುದನ್ನು ಬಿಟ್ಟಿದ್ದೇವೆ.

ಆ ಹುಡುಗ ಈಗ ಭಾನುವಾರಗಳಂದು ನಮ್ಮ ಸಂಘದ ವಾಚನಾಲಯಕ್ಕೆ ಬರುತ್ತಾನೆ, ಪುಸ್ತಕಗಳಿಗೆ ರಟ್ಟು ಹಾಕಲು ಸಹಾಯ ಮಾಡುತ್ತಾನೆ. ಯಾರೆಂದು ದಯವಿಟ್ಟು ನಮ್ಮನ್ನು ಕೇಳಬೇಡಿರಿ. ಅಲ್ಲಿ ಭಾನುವಾರ ಹತ್ತಾರು ಹುಡುಗರು ಬರುತ್ತಾರೆ. ಎಲ್ಲರನ್ನೂ ಒಂದೇ ಹಾಗೆ "ಊಟ ಆತೇನು?" ಎಂದು ಕೇಳಿರಿ, ಕೇಳಿದ ಮೇಲೆ ಉತ್ತರಕ್ಕೆ ಒಂದು ಗಳಿಗೆ ನಿಲ್ಲಿರಿ.